ಸಹಾಯ ಬೇಕು: ರಾತ್ರಿ ಹಡಗು ಎದುರಾದ್ರೆ ಹಾಯಿದೋಣಿ ತಿರುಗಿಸೋದು ಯಾವಾಗ?

ನಾನೂ ನನ್ನ ಹೆಂಡ್ತಿನೂ ಇಂಗ್ಲೆಂಡಿನ ಪೂಲ್‌ನಿಂದ ಫ್ರಾನ್ಸಿನ ಶೆರ್ಬೂರ್‌ಗೆ ಹಾಯಿದೋಣಿಯಲ್ಲಿ ಹೊರಟಿದ್ವಿ, ಸುಮಾರು 60 ನಾಟಿಕಲ್ ಮೈಲಿ. ಮೂರು ಗಂಟೆಗೊಬ್ಬರ ಪಾಳಿ. ರಾತ್ರಿ ಎರಡಕ್ಕೆ, ಅವಳು ಕೆಳಗೆ ಮಲಗಿದ್ದಾಗ, ಎಡಗಡೆ ಎರಡು ಬಿಳಿ ದೀಪ, ಕೆಳಗೊಂದು ಹಸಿರು, ಅಂದ್ರೆ ಒಂದು ಹಡಗಿನ ಬಲಬದಿ. ಕೈ ದಿಕ್ಸೂಚಿ ಹಿಡಿದು ಐದೈದು ನಿಮಿಷಕ್ಕೆ ನೋಡಿದೆ: 104, 104, 105 ಡಿಗ್ರಿ. ಹಡಗು ಕಾಣೋ ದಿಕ್ಕು ಬದಲಾಗ್ತಾನೇ ಇಲ್ಲ, ಅಂದ್ರೆ ನೇರ ಡಿಕ್ಕಿ ದಾರಿ! ವಿಎಚ್‌ಎಫ್ ರೇಡಿಯೋದ 16ನೇ ಚಾನೆಲ್‌ನಲ್ಲಿ ಕರೆದೆ, ಉತ್ತರ ಇಲ್ಲ. ನಮ್ಮನ್ನ ನೋಡ್ಲಿ ಅಂತ ಹಾಯಿ ಮೇಲೆ ಟಾರ್ಚ್ ಬಿಟ್ಟೆ.

ನಿಯಮದಲ್ಲಿ ಎಂಜಿನ್ ಹಡಗೇ ಹಾಯಿಗೆ ದಾರಿ ಬಿಡಬೇಕು, ನಾವು ದಿಕ್ಕು, ವೇಗ ಬದಲಿಸಬಾರದು. ಆದ್ರೆ ಎರಡು ಮೈಲಿಗೆ ಬಂದಾಗ ಧೈರ್ಯ ಸಾಲದೆ ತಿರುಗಿಸಿದೆ. ಅದೇ ಹೊತ್ತಿಗೆ ಅದೂ ತಿರುಗಿತು. ಹಸಿರಿನ ಜೊತೆ ಎಡಬದಿಯ ಕೆಂಪೂ ಕಂಡಾಗ, ಅಂದ್ರೆ ಅದರ ಮೂತಿ ನೇರ ನಮ್ಮ ಕಡೆ ಇದ್ದಾಗ, ಕೈ ನಡುಗಿತು. (ಫ್ಲಾಸ್ಕಿನ ಚಹಾ ಪೂರ್ತಿ ಪ್ಯಾಂಟಿನ ಮೇಲೆ.)

ಅನುಭವ ಇರೋರು ಹೇಳಿ: ಎಷ್ಟು ಮೈಲಿವರೆಗೆ ಸುಮ್ಮನಿರ್ತೀರಿ, ಆಮೇಲೆ ಯಾವ ಕಡೆ ತಿರುಗಿಸ್ತೀರಿ?