ಅಪ್‌ಡೇಟ್: ಹಾಲು ಬತ್ತಿರಲಿಲ್ಲ!

ಹೋದ ವಾರ ಕೇಳಿದ್ದೆನಲ್ಲ, 3 ತಿಂಗಳ ಮಗಳು ಸಂಜೆಯಿಡೀ ಮೊಲೆ ಬಿಡುವುದಿಲ್ಲ, ಎದೆ ಮೆತ್ತಗಾಗಿದೆ, ಹಾಲು ಬತ್ತಿತಾ ಅಂತ? "ತೂಕ ನೋಡಿ, ಉಚ್ಚೆ ಬಟ್ಟೆ ಎಣಿಸಿ" ಅಂದವರ ಮಾತೇ ಕೆಲಸಕ್ಕೆ ಬಂತು. ಸೋಮವಾರಪೇಟೆಯ ಮಳೆಯಲ್ಲೇ ಅಂಗನವಾಡಿಗೆ ಹೋಗಿ ತೂಗಿಸಿದೆ. ಚೆನ್ನಾಗಿಯೇ ಏರಿದೆ. ದಿನಕ್ಕೆ 7 ಬಟ್ಟೆ ಒದ್ದೆ. 6 ಆದರೂ ಸಾಕಂತೆ. (ಒಣಗಿಸೋದೇ ಇಲ್ಲಿ ದೊಡ್ಡ ಕಷ್ಟ, ಒಲೆ ಮೇಲೆ ಹಗ್ಗ ಕಟ್ಟಿದ್ದೇವೆ.)

ಕೇಳಿದಾಗಲೆಲ್ಲ ಎರಡೂ ಕಡೆ ಕುಡಿಸಿದೆ. ನಾಲ್ಕನೇ ದಿನಕ್ಕೆ ತಾನೇ ಸುಮ್ಮನಾದಳು. ಮಗು ಜೋರಾಗಿ ಬೆಳೆಯುವಾಗ ಹೀಗೆ ಆಗುತ್ತದಂತೆ.

ಅತ್ತೆಯ ಮೆಂತ್ಯ ಗಂಜಿ ರುಚಿಯಾಗಿತ್ತು, ಹಾಲಿಗೇನೂ ವ್ಯತ್ಯಾಸ ಕಾಣಲಿಲ್ಲ. ಪಂಪ್ ಹಾಕಿ ಅಳೆದದ್ದಂತೂ ಸುಮ್ನೆ ಗಾಬರಿ. ಮಗು ಚೀಪಿದಷ್ಟು ಪಂಪಿಗೆ ಬರುವುದಿಲ್ಲವಂತೆ! ಎದೆ ಮೆತ್ತಗಾಗಿದ್ದು, ಹಾಲು ಅವಳ ಲೆಕ್ಕಕ್ಕೆ ಹೊಂದಿಕೊಂಡದ್ದಕ್ಕೆ ಅಷ್ಟೇ. ಹೆದರಿ ತಂದ ಡಬ್ಬಿ ಹಾಲಿನ ಸೀಲ್ ಇನ್ನೂ ಒಡೆದಿಲ್ಲ.