ಮಡಚುವ ಫೋನಿನ ಟಚ್ ಮಡಿಕೆಯಲ್ಲೇ ಕೈಕೊಡದಂತೆ ಏನು ಮಾಡಬೇಕು?

ಕೇಳಿದವರು, ಶಹಾಬಾದ್

ನಮ್ಮದು ಕಲ್ಲು ಪಾಲಿಶ್ ಮಾಡುವ ಯೂನಿಟ್. ನನ್ನ ಮಡಚುವ ಫೋನಿನಲ್ಲಿ ಮಡಿಕೆ ಉದ್ದಕ್ಕೂ ಒಂದು ಪಟ್ಟಿಯಷ್ಟು ಟಚ್ ಸತ್ತುಹೋಯಿತು. ಫೋನ್ ಕೆಳಗೆ ಬಿದ್ದಿಲ್ಲ, ಗಾಜೂ ಒಡೆದಿಲ್ಲ. ಒಳಗಿನ ವೈರಿಂಗ್ ಬಿರುಕು ಬಿಟ್ಟಿದೆ ಎಂದು ಇಡೀ ಡಿಸ್‌ಪ್ಲೇ ಬದಲಿಸಿದರು. ಹೊಸದಕ್ಕೂ ಹೀಗೇ ಆಗಬಾರದು. ತೆರೆದು ಮುಚ್ಚೋದು ಕಡಿಮೆ ಮಾಡಿದರೆ ಸಾಕಾ? ಅನುಭವ ಇದ್ದವರು ಹೇಳಿ.

ಕಲಬುರಗಿ, ಸೂಪರ್ ಮಾರ್ಕೆಟ್ ಹತ್ತಿರ ಮೊಬೈಲ್ ರಿಪೇರಿ

ಅಣ್ಣಾ, ಎಣಿಸಿ ಎಣಿಸಿ ಮಡಚೋದಾದರೆ ಅಷ್ಟು ದುಡ್ಡು ಕೊಟ್ಟು ಇಂಥ ಫೋನ್ ಯಾಕೆ ತಗೋಬೇಕು? 2019ರ ಮೊದಲ ಗ್ಯಾಲಕ್ಸಿ ಫೋಲ್ಡ್ ಅನ್ನೇ ಸ್ಯಾಮ್‌ಸಂಗ್ 2 ಲಕ್ಷ ಸಲ ಮಡಚುವ ಲೆಕ್ಕದಲ್ಲಿ ಪರೀಕ್ಷೆ ಮಾಡಿತ್ತು. ದಿನಕ್ಕೆ 100 ಸಲ ಅಂದರೂ ಐದು ವರ್ಷ ದಾಟುತ್ತದೆ. ಆದರೆ ಆ ಪರೀಕ್ಷೆ ನಡೆದದ್ದು ಲ್ಯಾಬಿನಲ್ಲಿ, ನಿಮ್ಮ ಪಾಲಿಶ್ ಮಷೀನ್ ಪಕ್ಕದಲ್ಲಿ ಅಲ್ಲ ನೋಡ್ರಿ.

ನನ್ನ ಟೇಬಲ್ ಮೇಲೆ ಬರುವವುಗಳಲ್ಲಿ ಜಾಸ್ತಿ ಮಡಚಿ ಹಾಳಾಗಿದ್ದು ಕಡಿಮೆ. ಮಧ್ಯೆ ಏನೋ ಸಿಕ್ಕಿಕೊಂಡು ಹಾಳಾಗಿದ್ದೇ ಜಾಸ್ತಿ. ವಿಸಿಟಿಂಗ್ ಕಾರ್ಡ್ ಇಟ್ಟು ಮುಚ್ಚಿರುತ್ತಾರೆ, ಇಲ್ಲಾ ಹಿಂಜ್ (ಫೋನ್ ಮಡಚುವ ಕೀಲು) ಒಳಗೆ ಪುಡಿ ಸೇರಿ ಸ್ಕ್ರೀನನ್ನು ಹಿಂದಿನಿಂದ ಒತ್ತುತ್ತಿರುತ್ತದೆ. ಆ ಮೊದಲ ಫೋಲ್ಡಿನ ಮಾರಾಟ ಏಪ್ರಿಲ್‌ನಿಂದ ಸೆಪ್ಟೆಂಬರ್‌ಗೆ ಮುಂದೆ ಹೋಗಿದ್ದಕ್ಕೂ ಇದೂ ಒಂದು ಕಾರಣ, ಸ್ಕ್ರೀನ್ ಕೆಳಗೆ ಕಸ ಹೋಗುತ್ತಿತ್ತು. ಆಮೇಲೆ ಹಿಂಜಿನ ತುದಿಗಳಿಗೆ ಮುಚ್ಚಳ ಹಾಕಿದರು.

"ವಾಟರ್‌ಪ್ರೂಫ್ ಐತಲ್ಲ" ಅನ್ನಬೇಡಿ. 2021ರ ಫೋಲ್ಡ್ 3ಕ್ಕೆ ಇದ್ದದ್ದು ಐಪಿಎಕ್ಸ್8. ಐಪಿ ಅಂದರೆ ಧೂಳು, ನೀರು ಎಷ್ಟು ತಡೆಯುತ್ತದೆ ಎಂಬ ರೇಟಿಂಗ್, ಮೊದಲ ಗುರುತು ಧೂಳಿಗೆ, ಎರಡನೇದು ನೀರಿಗೆ. ಆ ಎಕ್ಸ್ ಅಂದರೆ ಧೂಳಿಗೆ ರೇಟಿಂಗೇ ಇಲ್ಲ. 2024ರ ಫೋಲ್ಡ್ 6ಕ್ಕೆ ಐಪಿ48 ಬಂತು, ಅದರ 4 ಅಂದರೂ 1 ಮಿಲಿಮೀಟರ್‌ಗಿಂತ ದಪ್ಪದ್ದನ್ನು ತಡೆಯುತ್ತದೆ ಅಷ್ಟೇ. ನಿಮ್ಮ ಕಲ್ಲಿನ ಪುಡಿ ಹಿಟ್ಟಿಗಿಂತ ನುಣುಪು, ಅಲ್ವಾ? ಯೂನಿಟ್ ಒಳಗೆ ಇದ್ದಷ್ಟು ಹೊತ್ತು ಜಿಪ್ ಕವರಿನಲ್ಲಿ ಇಡಿ. ಕರೆ ಬಂದರೆ ಹೊರಗಿನ ಸ್ಕ್ರೀನಿನಲ್ಲೇ ಮಾತಾಡಿ, ಅಲ್ಲಿ ಬಿಚ್ಚಬೇಡಿ. ಸಂಜೆ ಮೆತ್ತನೆ ಬ್ರಷ್‌ನಿಂದ ಹಿಂಜ್ ಒರೆಸಿ. ಯೂನಿಟ್‌ನಲ್ಲಿ ಕಂಪ್ರೆಸರ್ ಇದೆ ಅಂತ ಗಾಳಿ ಮಾತ್ರ ಹಿಡಿಯಬೇಡಿ, ಹೊರಗಿದ್ದ ಪುಡಿಯೂ ಒಳಗೆ ಹೋಗುತ್ತದೆ.

ಬೀದರ್, ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತೇನೆ

ರಿಪೇರಿಯವರು ಹೇಳಿದ್ದು ಸರಿ. ಯಾಕೆ ಅಂತ ನಾನು ಹೇಳುತ್ತೇನೆ.

ಸಾಮಾನ್ಯ ಫೋನಿನ ಟಚ್‌ನಲ್ಲಿ ಕಣ್ಣಿಗೆ ಕಾಣದ ವೈರ್‌ಗೆ ಇಂಡಿಯಂ ಟಿನ್ ಆಕ್ಸೈಡ್ ಬಳಸುವುದು ರೂಢಿ. ಅದು ಖಡಕ್ ರೊಟ್ಟಿ ಇದ್ದ ಹಾಗೆ, ಬಾಗಿಸಿದರೆ ಲಟಕ್ಕನೆ ಮುರಿಯುತ್ತದೆ. ಶೇಕಡಾ ಒಂದೆರಡರಷ್ಟು ಹಿಗ್ಗಿದರೂ ಬಿರುಕು. ಅದಕ್ಕೇ ಮಡಚುವ ಸ್ಕ್ರೀನ್‌ಗಳಿಗೆ ಲೋಹದ ಸಣ್ಣ ಬಲೆಯನ್ನೋ ಬೆಳ್ಳಿಯ ನ್ಯಾನೋ ವೈರನ್ನೋ ಹಾಕುತ್ತಾರೆ. ಲೋಹ ಬಾಗುತ್ತದೆ ನಿಜ, ಆದರೆ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಜಾಸ್ತಿ ಎಳೆದರೆ ಅದಕ್ಕೂ ದಣಿವು, ಸಣ್ಣ ಸಣ್ಣ ಬಿರುಕು ಕೂಡುತ್ತಾ ಹೋಗಿ ಒಂದಿನ ವೈರ್ ತುಂಡಾಗುತ್ತದೆ.

ಎಷ್ಟು ಎಳೆತ ಬೀಳುತ್ತದೆ ಎಂಬ ಲೆಕ್ಕ ಸುಲಭ. ಹಾಳೆಯ ದಪ್ಪವನ್ನು ತಿರುವಿನ ತ್ರಿಜ್ಯದ ಎರಡರಷ್ಟರಿಂದ ಭಾಗಿಸಿ. 0.03 ಮಿಲಿಮೀಟರ್ ದಪ್ಪದ ಹಾಳೆಯನ್ನು 1.5 ಮಿಲಿಮೀಟರ್ ತ್ರಿಜ್ಯದಲ್ಲಿ ಬಾಗಿಸಿದರೆ ಮೇಲ್ಮೈಗೆ ಶೇಕಡಾ 1. ಹಾಳೆ 0.1 ಮಿಲಿಮೀಟರ್ ಆದರೆ ಶೇಕಡಾ 3 ದಾಟುತ್ತದೆ. ಬಾಗಿದಾಗ ಒಂದು ಬದಿ ಹಿಗ್ಗುತ್ತದೆ, ಇನ್ನೊಂದು ಬದಿ ಕುಗ್ಗುತ್ತದೆ, ನಡುವೆ ಎಲ್ಲೋ ಒಂದು ಪದರ ಎರಡೂ ಇಲ್ಲದೆ ಆರಾಮಾಗಿರುತ್ತದೆ. ಕಂಪನಿಯವರು ವೈರಿಂಗನ್ನು ಆದಷ್ಟು ಆ ಪದರದ ಹತ್ತಿರ ಕೂರಿಸಿರುತ್ತಾರೆ. ನೀವು ಮೇಲೆ ಒಂದು ದಪ್ಪ, ಗಟ್ಟಿ ಸ್ಕ್ರೀನ್ ಗಾರ್ಡ್ ಅಂಟಿಸಿದರೆ ಆ ಆರಾಮದ ಜಾಗ ಗಾರ್ಡ್ ಕಡೆಗೆ ಸರಿಯುತ್ತದೆ, ವೈರಿಂಗ್ ಎಳೆತಕ್ಕೆ ಸಿಗುತ್ತದೆ. ರಕ್ಷಣೆಗೆ ಅಂತ ಹಾಕಿದ್ದೇ ಒಳಗೆ ಕೆಡಿಸುತ್ತದೆ. ಕಲ್ಲಿನ ಕಣ ಇನ್ನೂ ಕೆಟ್ಟದ್ದು. ಅದು ಕೂತ ಕಡೆ ತಿರುವು ಒಂದೇ ಬಿಂದುವಿಗೆ ಚೂಪಾಗುತ್ತದೆ.

ಪ್ರಾಜೆಕ್ಟ್‌ಗೆ ಫ್ಲೆಕ್ಸ್ ಬೋರ್ಡ್ (ಬಾಗುವ ಸರ್ಕ್ಯೂಟ್ ಬೋರ್ಡ್) ಮಾಡಿಸುವ ಹುಡುಗರಿಗೂ ಇದೇ ಮಾತು: ಬಾಗುವ ಜಾಗದಲ್ಲಿ ರೋಲ್ಡ್ (ಉರುಳೆಯಲ್ಲಿ ಒತ್ತಿ ತೆಳು ಮಾಡಿದ) ತಾಮ್ರ ಕೇಳಿ, ಟ್ರ್ಯಾಕ್ (ತಾಮ್ರದ ಗೆರೆ) ಮಡಿಕೆಗೆ ನೇರ ಅಡ್ಡ ಹೋಗಲಿ, ಅಲ್ಲಿ ವಯಾ (ಪದರಗಳನ್ನು ಜೋಡಿಸುವ ತೂತು) ಬೇಡ, ಚೂಪು ಮೂಲೆ ಬೇಡ, ಎರಡು ಬದಿಯ ಟ್ರ್ಯಾಕ್ ಒಂದರ ಮೇಲೊಂದು ಬರಬಾರದು.

ಯಾದಗಿರಿ

ಬಿಸಿಲಿನ ಮಾತು ಯಾರೂ ಎತ್ತಲಿಲ್ಲ. ಬಹಳ ಫೋನ್‌ಗಳ ಕೈಪಿಡಿಯಲ್ಲಿ 35 ಡಿಗ್ರಿವರೆಗೆ ಬಳಸಿ ಅಂತಿರುತ್ತದೆ, ಮೇ ತಿಂಗಳಲ್ಲಿ ನಮ್ಮ ಕಡೆ 40 ದಾಟುವುದು ಮಾಮೂಲು. ಪದರಗಳ ನಡುವಿನ ಅಂಟು ಬಿಸಿಗೆ ಮೆತ್ತಗಾಗುತ್ತದೆ. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಮಡಚಿ ಇಟ್ಟರೆ ಮಡಿಕೆ ಹಾಗೇ ಕೂತುಬಿಡುತ್ತದೆ. ಫೋನ್ ಸುಡುತ್ತಿದ್ದರೆ ನೆರಳಲ್ಲಿಟ್ಟು ಆರಿದ ಮೇಲೆ ತೆರೆಯಿರಿ, ಎರಡೂ ಕೈಯಿಂದ, ನಿಧಾನ. ಚಳಿಗಾಲದ ಬೆಳಗ್ಗೆಯೂ ಅಷ್ಟೇ, ತಣ್ಣಗಿದ್ದಾಗ ಪ್ಲಾಸ್ಟಿಕ್ ಬಿರುಸು.

ಕೇಳಿದವರು, ಶಹಾಬಾದ್

ಹಾಗಾದರೆ ಈಗಿರುವ ಗಾರ್ಡ್ ಕಿತ್ತು ಹಾಕಲಾ ಸರ್?

ಕಲಬುರಗಿ, ಮೊಬೈಲ್ ರಿಪೇರಿ

ಅಯ್ಯೋ, ಬೇಡ! ಡಿಸ್‌ಪ್ಲೇ ಜೊತೆಗೇ ಬಂದ ಫಿಲ್ಮ್ ಆಗಿದ್ದರೆ ಮುಟ್ಟಬೇಡಿ. ಅಂಚು ಎದ್ದರೆ ಸರ್ವಿಸ್ ಸೆಂಟರ್‌ನಲ್ಲೇ ಬದಲಿಸಿಕೊಳ್ಳಿ. ಅದರ ಮೇಲೆ ಬೇರೆಯವರು ಇನ್ನೊಂದು ಅಂಟಿಸಿದ್ದರೂ ಅಲ್ಲೇ ತೆಗೆಸಿ. ಉಗುರು ಹಾಕಿ ಎಳೆದರೆ ಅಡಿಯ ಫಿಲ್ಮೂ ಎದ್ದು ಬರುತ್ತದೆ.

ಆಗಾಗ ಒಂದು ಪರೀಕ್ಷೆ ಮಾಡಿ. ಸೆಟ್ಟಿಂಗ್ಸ್‌ನ ಡೆವಲಪರ್ ಆಪ್ಷನ್‌ನಲ್ಲಿ ಪಾಯಿಂಟರ್ ಲೊಕೇಶನ್ (ಬೆರಳು ಹೋದ ಕಡೆ ಗೆರೆ ತೋರಿಸುವ ಆಯ್ಕೆ) ಆನ್ ಮಾಡಿ, ಬೆರಳನ್ನು ಮಡಿಕೆ ದಾಟಿಸಿ ನಿಧಾನ ಎಳೆಯಿರಿ. ಪೂರ್ತಿ ತೆರೆದಾಗ ಒಮ್ಮೆ, ಅರ್ಧ ಮಡಚಿ ಒಮ್ಮೆ. ಚಪ್ಪಟೆ ಇದ್ದಾಗ ಗೆರೆ ಸರಿ ಬಂದು, ಅರ್ಧ ಮಡಚಿದಾಗ ಮಡಿಕೆ ಹತ್ತಿರ ತುಂಡಾದರೆ ವೈರ್ ಬಿರುಕು ಬಿಟ್ಟಿದೆ, ಚಪ್ಪಟೆ ಮಾಡಿದಾಗ ಹೇಗೋ ತಾಗಿಕೊಂಡಿದೆ ಎಂಬ ಅನುಮಾನ ಇಟ್ಟುಕೊಳ್ಳಿ. ಅದನ್ನು ಬೆಸುಗೆ ಹಾಕಲು ಆಗುವುದಿಲ್ಲ. ವಾರಂಟಿ ಇರುವಾಗಲೇ ವಿಡಿಯೋ ಮಾಡಿಕೊಂಡು ಹೋಗಿ. ಅಷ್ಟರೊಳಗೆ ಟಚ್ ಪೂರ್ತಿ ಸತ್ತರೆ ಓಟಿಜಿ (ಫೋನಿಗೆ ಮೌಸ್ ಜೋಡಿಸುವ ಅಡಾಪ್ಟರ್) ಹಾಕಿ ಮೌಸ್ ಚುಚ್ಚಿ, ಫೋಟೋ, ನಂಬರ್ ಎಲ್ಲಾ ಮೊದಲು ಕಾಪಿ ಮಾಡಿಕೊಳ್ಳಿ.