ಮನೆಯಲ್ಲೇ ಅಳವಡಿಸಿದ ಪ್ರೊಜೆಕ್ಟರ್ ಹೆಡ್‌ಲೈಟ್: ಓರೆಯಾದ ಕಟ್‌ಆಫ್ ಗೆರೆಯನ್ನು ಸರಿಪಡಿಸುವ ಕ್ರಮ ಯಾವುದು?

ಪ್ರಶ್ನೆ: ಮೂಡಿಗೆರೆಯ ಚಾಲಕ

ಮಾನ್ಯರೇ, ನಮ್ಮ ತೋಟದ ಪಿಕಪ್ ವಾಹನದ ಮೂಲ ಹ್ಯಾಲೊಜೆನ್ ಹೆಡ್‌ಲೈಟ್‌ಗಳ ಒಳಗೆ ಬೈ-ಎಲ್‌ಇಡಿ ಪ್ರೊಜೆಕ್ಟರ್‌ಗಳನ್ನು (ಹತ್ತಿರಕ್ಕೆ ಬೀಳುವ ಲೋ ಬೀಮ್, ದೂರಕ್ಕೆ ಹೋಗುವ ಹೈ ಬೀಮ್ ಎರಡನ್ನೂ ಒಂದೇ ಲೆನ್ಸಿನಿಂದ ಬಿಡುವ ದೀಪಘಟಕಗಳನ್ನು) ನಾನೇ ಅಳವಡಿಸಿದ್ದೇನೆ. ವೈರಿಂಗ್, ರಿಲೇ, ಫ್ಯೂಸ್ ಎಲ್ಲವೂ ಸರಿಯಾಗಿವೆ; ಮುಂಭಾಗದ ಗಾಜನ್ನು ಮಾತ್ರ ಇನ್ನೂ ಅಂಟು ಹಾಕಿ ಮುಚ್ಚಿಲ್ಲ. ಗೋಡೆಯ ಮೇಲೆ ಬೆಳಕು ಬಿಟ್ಟು ನೋಡಿದರೆ ಎಡದೀಪದ ಕಟ್‌ಆಫ್ ಗೆರೆ (ಬೆಳಕು ಮುಗಿದು ಮೇಲೆ ಕತ್ತಲೆ ತೊಡಗುವ ಅಂಚು) ಓರೆಯಾಗಿ ಕಾಣುತ್ತದೆ. ಬಲದೀಪದ ಗೆರೆ ನೇರವಾಗಿದ್ದರೂ ಎಡದ್ದಕ್ಕಿಂತ ಎತ್ತರದಲ್ಲಿದೆ. ಯಾವ ಸ್ಕ್ರೂವನ್ನು ಮೊದಲು ತಿರುಗಿಸಬೇಕು, ಗೋಡೆ ಎಷ್ಟು ದೂರದಲ್ಲಿರಬೇಕು ಎಂದು ತಿಳಿದವರು ವಿವರಿಸಬೇಕಾಗಿ ವಿನಂತಿ. ನಮ್ಮಲ್ಲಿ ಸಮತಟ್ಟಾದ ಜಾಗವೆಂದರೆ ಕಾಫಿ ಒಣಗಿಸುವ ಸಿಮೆಂಟಿನ ಕಣ ಒಂದೇ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದು ಉಜಿರೆಯ ಕಡೆಗೆ ರಾತ್ರಿ ಹೋಗುವ ಪ್ರಸಂಗಗಳು ಆಗಾಗ ಬರುವುದರಿಂದ, ಆ ತಿರುವುಗಳಲ್ಲಿ ಎದುರಿನ ಚಾಲಕರ ಕಣ್ಣಿಗೆ ನಮ್ಮ ದೀಪ ಹೊಡೆಯಬಾರದು ಎಂಬುದೇ ನನ್ನ ಮುಖ್ಯ ಕಾಳಜಿ.

ಉತ್ತರ 1: ಹಾಸನದ ವಾಹನಾಸಕ್ತ

ಗಾಜು ಇನ್ನೂ ಮುಚ್ಚಿಲ್ಲ ಎಂಬುದು ಒಳ್ಳೆಯದೇ ಆಯಿತು. ಹೆಡ್‌ಲೈಟಿನ ಹಿಂಬದಿಯಲ್ಲಿರುವ ಎರಡು ಸ್ಕ್ರೂಗಳು ಬೆಳಕನ್ನು ಮೇಲೆ-ಕೆಳಗೆ ಮತ್ತು ಎಡ-ಬಲಕ್ಕೆ ಸರಿಸಬಲ್ಲವೇ ಹೊರತು, ಓರೆಯಾದ ಗೆರೆಯನ್ನು ನೇರ ಮಾಡಲಾರವು. ಪ್ರೊಜೆಕ್ಟರ್ ತನ್ನ ಅಕ್ಷದ ಸುತ್ತ ತಿರುಗಿ ಕುಳಿತಿದ್ದರಿಂದ ಓರೆ ಬಂದಿದೆ. ಅದನ್ನು ಪ್ರೊಜೆಕ್ಟರನ್ನೇ ತಿರುಗಿಸಿ ಸರಿಪಡಿಸಬೇಕು. ಆದ್ದರಿಂದ ಯಾವ ಸ್ಕ್ರೂವನ್ನೂ ಈಗ ಮುಟ್ಟಬೇಡಿ. ಬಲ್ಬಿನ ರಂಧ್ರದ ಮೂಲಕ ಹಿಂದಕ್ಕೆ ಬರುವ ಥ್ರೆಡ್ ಇರುವ ದಂಡಕ್ಕೆ ನಟ್ ಬಿಗಿಯುವ ಮಾದರಿ ನಿಮ್ಮದಾಗಿದ್ದರೆ, ನಟ್ಟನ್ನು ಸ್ವಲ್ಪ ಸಡಿಲಿಸಿ, ಗೆರೆ ಮಟ್ಟಕ್ಕೆ ಬರುವವರೆಗೆ ತಿರುಗಿಸಿ, ಪುನಃ ಬಿಗಿಯಿರಿ. ಬಿಗಿಯುವಾಗ ನಟ್ಟಿನೊಂದಿಗೆ ಪ್ರೊಜೆಕ್ಟರ್ ಕೂಡ ಸ್ವಲ್ಪ ತಿರುಗುವುದು ಸಾಮಾನ್ಯವಾದ್ದರಿಂದ, ಒಬ್ಬರು ಮುಂದಿನಿಂದ ಅದನ್ನು ಅಲುಗದಂತೆ ಹಿಡಿದುಕೊಳ್ಳಬೇಕು ಮತ್ತು ಬಿಗಿದ ಮೇಲೆ ಗೆರೆಯನ್ನು ಮತ್ತೊಮ್ಮೆ ನೋಡಬೇಕು.

ಇದೇ ಹಂತದಲ್ಲಿ ಇನ್ನೊಂದನ್ನು ಪರೀಕ್ಷಿಸಿ. ನಾವು ರಸ್ತೆಯ ಎಡಬದಿಯಲ್ಲಿ ಚಲಿಸುವವರು. ವಾಹನದ ಹಿಂದೆ ನಿಂತು ಗೋಡೆಯನ್ನು ನೋಡಿದಾಗ ಕಟ್‌ಆಫ್ ಗೆರೆಯ ಬಲಭಾಗ ತಗ್ಗಿನಲ್ಲಿ ನೇರವಾಗಿರಬೇಕು, ಎಡಭಾಗ ಮೇಲಕ್ಕೇರಬೇಕು. ಆ ಏರಿಕೆಯೇ ರಸ್ತೆಯ ಎಡ ಅಂಚನ್ನೂ ಅಲ್ಲಿ ನಡೆಯುವವರನ್ನೂ ತೋರಿಸುತ್ತದೆ. ಬಲಬದಿಯಲ್ಲಿ ವಾಹನ ಓಡಿಸುವ ದೇಶಗಳಿಗಾಗಿ ತಯಾರಾದ ಪ್ರೊಜೆಕ್ಟರುಗಳೂ ನಮ್ಮ ಮಾರುಕಟ್ಟೆಗೆ ಬರುತ್ತವೆ. ಅವುಗಳಲ್ಲಿ ಏರಿಕೆ ಬಲಕ್ಕಿರುವುದರಿಂದ, ಎಷ್ಟೇ ಚೆನ್ನಾಗಿ ಹೊಂದಿಸಿದರೂ ಎದುರಿನವರ ಕಣ್ಣಿಗೆ ಹೊಡೆಯುತ್ತವೆ. ನಿಮ್ಮದು ಹಾಗಿದ್ದರೆ ಹಿಂದಿರುಗಿಸುವುದೊಂದೇ ದಾರಿ.

ಓರೆ ಹೋದ ಮೇಲೆ ಎತ್ತರ. ಟೈರುಗಳಲ್ಲಿ ನಿಗದಿತ ಗಾಳಿ ಇರಲಿ, ಚಾಲಕನ ಆಸನದಲ್ಲಿ ಒಬ್ಬರು ಕುಳಿತಿರಲಿ. ದೀಪದಿಂದ ಗೋಡೆಗೆ 10 ಮೀಟರ್ ಅಂತರವಿಟ್ಟು, ಪ್ರತಿ ಲೆನ್ಸಿನ ಕೇಂದ್ರ ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ಎತ್ತರದಲ್ಲಿ ಗೋಡೆಯ ಮೇಲೆ ಮಾಸ್ಕಿಂಗ್ ಟೇಪು ಅಂಟಿಸಿ, ಅದರ 10 ಸೆಂಟಿಮೀಟರ್ ಕೆಳಗೆ ಇನ್ನೊಂದು ಟೇಪು ಅಂಟಿಸಿ. ಲೋ ಬೀಮಿನ ನೇರ ಭಾಗ ಕೆಳಗಿನ ಟೇಪಿನ ಮೇಲೆ ನಿಲ್ಲಬೇಕು. ಇದು ಶೇಕಡಾ 1ರ ಇಳಿಜಾರು. ಲೆನ್ಸ್ 90 ಸೆಂಟಿಮೀಟರ್ ಎತ್ತರದಲ್ಲಿದ್ದರೆ ಗೆರೆ ರಸ್ತೆಯನ್ನು ಮುಟ್ಟುವುದು 90 ಮೀಟರ್ ದೂರದಲ್ಲಿ. ಶೇಕಡಾ 1.5 ಇಟ್ಟರೆ ಅದು 60 ಮೀಟರಿಗೆ ಬರುತ್ತದೆ, ಮತ್ತು ಘಾಟಿಗೆ ನಾನು ಇದನ್ನೇ ಮೆಚ್ಚುತ್ತೇನೆ. ಒಂದು ದೀಪವನ್ನು ಹೊಂದಿಸುವಾಗ ಇನ್ನೊಂದನ್ನು ಬಟ್ಟೆಯಿಂದ ಮುಚ್ಚಿ.

ಎಡ-ಬಲದ ಹೊಂದಾಣಿಕೆ ಕೊನೆಯದು: ಗೆರೆ ಮೇಲೇಳಲು ತೊಡಗುವ ಬಿಂದು ಆಯಾ ಲೆನ್ಸಿನ ನೇರ ಎದುರಿಗೆ ಬಂದರೆ ಸಾಕು. ಹೈ ಬೀಮನ್ನು ಪ್ರತ್ಯೇಕವಾಗಿ ಹೊಂದಿಸಬೇಕಾಗಿಲ್ಲ, ಏಕೆಂದರೆ ಬೈ-ಎಲ್‌ಇಡಿಯಲ್ಲಿ ಎರಡೂ ಒಂದೇ ಲೆನ್ಸಿನ ಮೂಲಕ ಬರುತ್ತವೆ.

ಉತ್ತರ 2: ಸಕಲೇಶಪುರದ ಓದುಗ

ಮೇಲಿನ ಉತ್ತರಕ್ಕೆ ನನ್ನ ಸಂಪೂರ್ಣ ಸಮ್ಮತಿಯಿದೆ. ಕಾಫಿ ಕಣದ ಬಗ್ಗೆ ಮಾತ್ರ ಒಂದು ಎಚ್ಚರಿಕೆಯ ಮಾತು ಸೇರಿಸಬೇಕಾಗಿದೆ. ಮಳೆಯ ನೀರು ನಿಲ್ಲದಿರಲೆಂದು ಕಣಗಳಿಗೆ ಬೇಕೆಂದೇ ಇಳಿಜಾರು ಕೊಟ್ಟಿರುತ್ತಾರೆ. ಲೆನ್ಸಿನ ಎತ್ತರವನ್ನು ಗಾರೆಯವರ ಲೆವೆಲ್ ಪೈಪಿನಿಂದ (ಮಟ್ಟ ನೋಡಲು ನೀರು ತುಂಬಿದ ಕೊಳವೆ) ಗೋಡೆಗೆ ಒಯ್ಯುವುದು ಅನೇಕರ ಪದ್ಧತಿ. ಕಣದ ಇಳಿಜಾರು ಶೇಕಡಾ 1 ಇದ್ದರೆ ಆ ಪದ್ಧತಿಯಿಂದ 10 ಮೀಟರಿನಲ್ಲಿ ಬರುವ ವ್ಯತ್ಯಾಸ 10 ಸೆಂಟಿಮೀಟರ್. ಅಂದರೆ ನೀವು ಇಡಬೇಕೆಂದಿರುವ ಇಳಿಕೆ ಪೂರ್ತಿಯಾಗಿ ಇಲ್ಲವಾಗಬಹುದು ಅಥವಾ ಇಮ್ಮಡಿಯಾಗಬಹುದು. ಬೆಳಕನ್ನು ಹೊಂದಿಸಬೇಕಾದುದು ನಾಲ್ಕು ಚಕ್ರಗಳು ನಿಂತಿರುವ ನೆಲಕ್ಕೆ, ಭೂಮಿಯ ಮಟ್ಟಕ್ಕಲ್ಲ. ಹಿಂದಿನ ಚಕ್ರದಿಂದ ಗೋಡೆಯ ಬುಡದವರೆಗೆ ಕಣ ಒಂದೇ ಸಮನಾಗಿ ಇಳಿದಿದ್ದರೆ, ಗೋಡೆಯ ಬುಡದ ನೆಲದಿಂದಲೇ ಟೇಪಿನ ಎತ್ತರವನ್ನು ಅಳೆಯಿರಿ. ಇಳಿಜಾರಿನಿಂದ ಯಾವ ತೊಂದರೆಯೂ ಆಗುವುದಿಲ್ಲ. ಲೆವೆಲ್ ಪೈಪನ್ನು ಬಳಸುವುದಾದರೆ, ಹಿಂದಿನ ಚಕ್ರ, ಮುಂದಿನ ಚಕ್ರ ಮತ್ತು ಗೋಡೆಯ ಬುಡ ಒಂದೇ ರೇಖೆಯಲ್ಲಿವೆಯೇ ಎಂಬುದನ್ನು ತಿಳಿಯಲು ಬಳಸಿ. ಕಣ ಅಡ್ಡಕ್ಕೂ ಇಳಿದಿದ್ದರೆ, ಗೆರೆಯ ಓರೆಯನ್ನು ರಸಮಟ್ಟ ಇಟ್ಟು ನೋಡುವುದು ತಪ್ಪು ದಾರಿಗೆ ಒಯ್ಯುತ್ತದೆ. ಅಲ್ಲಿಯೂ ಗೆರೆಯ ನೇರ ಭಾಗದ ಎರಡು ತುದಿಗಳನ್ನು ನೆಲದಿಂದಲೇ ಅಳೆಯಬೇಕು.

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 106ನೆಯ ನಿಯಮವನ್ನೂ ಗಮನದಲ್ಲಿಡಿ. ದೀಪದಿಂದ 8 ಮೀಟರ್ ಮುಂದೆ, ವಾಹನದ ಬಲ ಅಂಚಿನಿಂದ ಅರ್ಧ ಮೀಟರ್ ಬಲಕ್ಕೆ, 1.5 ಮೀಟರ್ ಎತ್ತರದಲ್ಲಿ ಕಣ್ಣಿರುವ ವ್ಯಕ್ತಿಗೆ ಬೆಳಕು ಕೋರೈಸಬಾರದೆಂದು ಅದು ಹೇಳುತ್ತದೆ. ಇದನ್ನು ಕಣದಲ್ಲೇ ಪರೀಕ್ಷಿಸಬಹುದು: ಆ ಸ್ಥಳದಲ್ಲಿ ನಿಂತು ಕಣ್ಣನ್ನು ಆ ಎತ್ತರಕ್ಕೆ ತಂದು ನೋಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ನಟ್ ಸಡಿಲಿಸಿ ತಿರುಗಿಸಿದ ಮೇಲೆ ಎಡದೀಪದ ಗೆರೆ ನೇರವಾಗಿದೆ. ಏರಿಕೆ ಎರಡರಲ್ಲೂ ಎಡಕ್ಕೇ ಇದೆ. ಎರಡು ದೀಪಗಳನ್ನೂ ಶೇಕಡಾ 1.5ಕ್ಕೆ ಇಳಿಸಿದ್ದೇನೆ. ಆದರೆ ಹಿಂದೆ ಕಾಫಿ ಮೂಟೆಗಳನ್ನು ಹೇರಿದಾಗ ವಾಹನದ ಮೂತಿ ಮೇಲೇಳುತ್ತದೆ. ಆಗಲೂ ಇದೇ ಹೊಂದಾಣಿಕೆ ಸಾಕಾಗುವುದೇ?

ಉತ್ತರ 3: ಹಾಸನದ ವಾಹನಾಸಕ್ತ

ಸಾಕಾಗುವುದಿಲ್ಲ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 2.5 ಮೀಟರ್ ಅಂತರವಿದ್ದು, ಹೊರೆಯಿಂದ ಹಿಂಭಾಗ 5 ಸೆಂಟಿಮೀಟರ್ ಕುಸಿದರೆ, ಬೆಳಕು ಶೇಕಡಾ 2ರಷ್ಟು ಮೇಲೇಳುತ್ತದೆ, ನಿಮ್ಮ ಶೇಕಡಾ 1.5ರ ಇಳಿಕೆ ಆಗ ಶೇಕಡಾ 0.5ರ ಏರಿಕೆಯಾಗಿ ಬದಲಾಗುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ದೀಪದ ಎತ್ತರ ಬದಲಿಸುವ ತಿರುಗುಗುಂಡಿ ಇದ್ದರೆ ಅದರ ಮೋಟಾರನ್ನು ತಪ್ಪದೆ ಮರುಜೋಡಿಸಿ, ಗುಂಡಿ 0ಯಲ್ಲಿರುವಾಗ ಖಾಲಿ ವಾಹನಕ್ಕೆ ಹೊಂದಿಸಿ, ಹೊರೆಯಿದ್ದಾಗ ಕೆಳಗಿಳಿಸಿ. ಅಂಥ ವ್ಯವಸ್ಥೆ ಇಲ್ಲದಿದ್ದರೆ, ನೀವು ಸಾಮಾನ್ಯವಾಗಿ ಹೇರುವಷ್ಟೇ ಮೂಟೆಗಳನ್ನು ಹೇರಿ ಕಣದಲ್ಲಿ ಪುನಃ ಅಳೆದು, ಆ ಸ್ಥಿತಿಯಲ್ಲೂ ಗೆರೆ ಲೆನ್ಸಿನ ಎತ್ತರಕ್ಕಿಂತ ಕೆಳಗೇ ನಿಲ್ಲುವಂತೆ ಮಾಡಿ. ಖಾಲಿ ಇದ್ದಾಗ ಬೆಳಕು ಹತ್ತಿರದಲ್ಲೇ ಬೀಳುತ್ತದೆ, ನಿಜ; ಶೇಕಡಾ 2.5ರ ಇಳಿಕೆಗೆ ಅದು ಸುಮಾರು 36 ಮೀಟರಿನಷ್ಟೇ. ಆಗ ವೇಗವನ್ನು ತಗ್ಗಿಸುವುದು ನಿಮ್ಮ ಕೈಯಲ್ಲಿದೆ, ಎದುರಿನವರ ಕಣ್ಣು ಕತ್ತಲಿಡುವುದನ್ನು ತಪ್ಪಿಸುವುದು ಅವರ ಕೈಯಲ್ಲಿಲ್ಲ.

ಅಂಟು ಹಾಕಿ ಗಾಜು ಮುಚ್ಚುವ ಮೊದಲು ತೋಟದ ರಸ್ತೆಯಲ್ಲಿ ಹಗಲು ಒಮ್ಮೆ ಓಡಿಸಿ ಬಂದು, ನಟ್ ಸಡಿಲಗೊಂಡಿಲ್ಲವೆಂಬುದನ್ನು ಗೋಡೆಯ ಟೇಪುಗಳಿಗೆ ಹೋಲಿಸಿ ಖಚಿತಪಡಿಸಿಕೊಳ್ಳಿ.